ಬೊಗ್ಗನ ಕೊರಳಿನ ಮುಟ್ಟಾಳೆ

ಅರಂತೋಡಿನ ಪೂವಮ್ಮನಿಗೆ ನಾಯಿಗಳೆಂದರೆ ಬಾಲ್ಯದಿಂದಲೂ ಭಯ. ಆಕೆಯ ಏಳನೆಯ ವಯಸ್ಸಿನಲ್ಲಿ ತಂದೆ ಹುಚ್ಚುನಾಯಿ ಕಡಿದು ತೀರಿಕೊಂಡಿದ್ದರು. ಬಾಯಾರಿ ಬಳಲುತ್ತಿದ್ದರೂ ನೀರಿನ ಚೆಂಬನ್ನು ಕಂಡೊಡನೆ ಗಂಟಲು ಬಿಗಿದು ನಡುಗುತ್ತಿದ್ದ ಆ ಮುಖವನ್ನು ಆಕೆ ಎಂದೂ ಮರೆಯಲಿಲ್ಲ. ಅಂಥವಳು ಬೊಗ್ಗನೆಂಬ ನಾಯಿಯನ್ನು ಸಾಕಿದ್ದು ದೈವಸಂಕಲ್ಪವೆಂದೇ ಹೇಳಬೇಕು. ತೋಟ ಕಾಯಲೆಂದು ಪತಿ ಮಾಯಿಲಪ್ಪ ತಂದ ಆ ಮರಿ, ಬಂದ ದಿನವೇ ಆಕೆಯ ಸೆರಗಿನ ಮೇಲೆ ಮಲಗಿ ನಿದ್ದೆಹೋಗಿತ್ತು.

ಸಾವಿರದ ಒಂಬೈನೂರ ಐವತ್ತೆಂಟರ ಆಟಿ ತಿಂಗಳು, ಬಿಡದ ಮಳೆಗಾಲ. ಒದ್ದೆಯಾರದ ರೋಮದಡಿಯಲ್ಲಿ ಬೊಗ್ಗನ ಸೊಂಟದ ಮೇಲೊಂದು ಹುಣ್ಣೆದ್ದಿತು. ಬೆಳಗ್ಗೆ ಹಲಸಿನ ಬೀಜದಷ್ಟಿದ್ದುದು ಸಂಜೆಗೆ ಅಂಗೈಯಗಲವಾಯಿತು. ರೋಮ ಉದುರಿ, ಚರ್ಮ ಕೆಂಪೇರಿ, ಕೀವು ಒಸರತೊಡಗಿತು. ಮುಟ್ಟಿದರೆ ಕೆಂಡದ ಬಿಸಿ. ನಾಯಿ ಬಿಡದೆ ಅದನ್ನೇ ನೆಕ್ಕುತ್ತಿತ್ತು. ನೆಕ್ಕಿದಷ್ಟೂ ಅದು ಹಬ್ಬುತ್ತಿತ್ತು.

ಆ ದಿನಗಳಲ್ಲಿ ತೋಟಕ್ಕೆ ಕೊಳೆರೋಗದ ಮದ್ದು ಬಿಡುವ ಕೆಲಸ ನಡೆದಿತ್ತು. ಮೈಲುತುತ್ತು ಮತ್ತು ಸುಣ್ಣ ಕಲಸಿದ ಆ ನೀಲಿ ನೀರಿಗೆ ಅಡಿಕೆಯ ಕೊಳೆ ನಿಲ್ಲುವುದಾದರೆ ನಾಯಿಯ ಹುಣ್ಣು ಏಕೆ ಒಣಗಬಾರದು? ಹೀಗೆ ಯೋಚಿಸಿದ ಪೂವಮ್ಮ, ಪಾತ್ರೆಯ ತಳದ ಗಷ್ಟನ್ನು ತೆಂಗಿನ ಗೆರಟೆಯಲ್ಲಿ ತೆಗೆದು ದಪ್ಪವಾಗಿ ಬಳಿದಳು, ಯಾರಿಗೂ ಹೇಳಲಿಲ್ಲ. ಅಡಿಕೆ ಸುಲಿಯುವಾಗ ಕತ್ತಿ ತಾಗಿದ್ದ ಆಕೆಯ ಬೆರಳನ್ನು ಬೊಗ್ಗ ಪ್ರೀತಿಯಿಂದ ನೆಕ್ಕಿತು.

ಮರುದಿನ ಬೆಳಗ್ಗೆ ನಾಯಿ ಅಂಗಳದಲ್ಲಿ ತೂರಾಡುತ್ತಿತ್ತು. ಬಾಯಿಂದ ನೊರೆ ಸುರಿಯುತ್ತಿತ್ತು. ಮದ್ದು ಬಿಡಲು ಬಂದ ಜತ್ತಪ್ಪ ಒಂದೇ ನೆಗೆತಕ್ಕೆ ಜಗಲಿಯೇರಿದ.

“ಅಯ್ಯೋ ಮಾರಾಯ್ರೆ, ಇದಕ್ಕೆ ಹುಚ್ಚು ಹಿಡಿದುಂಟು!”

ಮಾಯಿಲಪ್ಪ ದೂರದಿಂದಲೇ ಕುಣಿಕೆಯೆಸೆದು ನಾಯಿಯನ್ನು ದನದ ಹಟ್ಟಿಯ ಕಂಬಕ್ಕೆ ಬಿಗಿದ. ಕೂಗು ಕೇಳಿ ನೆರೆಮನೆಯ ಗುರುವಪ್ಪ ಕೋವಿ ಹಿಡಿದು ಬಂದ.

ಬೊಗ್ಗ ಬೆರಳು ನೆಕ್ಕಿದ್ದು ಪೂವಮ್ಮನಿಗೆ ನೆನಪಾಯಿತು. ಗಾಯದ ಬೆರಳನ್ನು ಸೆರಗಿನಲ್ಲಿ ಅಡಗಿಸಿದಳು. ತಂದೆಗೆ ನಾಯಿ ಕಡಿದ ಮೇಲೆ ರೋಗ ಕಾಣಿಸಿದ್ದು ನಲವತ್ತನೆಯ ದಿನ.

“ಪುತ್ತೂರಿಗೆ ಹೋಗಿ ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕಿಸುದಕ್ಕಿಂತ ಒಂದು ಗುಂಡು ವಾಸಿ,” ಎಂದ ಗುರುವಪ್ಪ. “ಪೂವಕ್ಕ, ನೀವು ಒಳಗೆ ಹೋಗಿ. ಇದನ್ನು ನೋಡುದು ಬೇಡ.”

ಆಕೆ ತಿರುಗಿದಳು. ಹೊಸ್ತಿಲ ಬಳಿ ನಾಯಿ ಬೀಳಿಸಿದ್ದ ನೊರೆ ಕಣ್ಣಿಗೆ ಬಿತ್ತು. ತಂದೆಯ ತುಟಿಯಲ್ಲಿದ್ದ ನೊರೆ ಬೆಳ್ಳಗಿತ್ತು. ಇದು ನೀಲಿ.

“ಗುರುವಪ್ಪಣ್ಣ, ನಿಲ್ಲಿ! ಹುಚ್ಚಲ್ಲ ಅದು. ನಾನು ಹುಣ್ಣಿಗೆ ತೋಟದ ಮದ್ದು ಹಚ್ಚಿದ್ದೆ. ನಾಯಿ ಅದನ್ನು ನೆಕ್ಕಿದೆ!”

“ಎಂತ? ತೋಟದ ಮದ್ದಾ?” ಮಾಯಿಲಪ್ಪ ಗದರಿದ. “ನಿನ್ನ ತಲೆ ಸಮ ಉಂಟಾ?”

ಗುರುವಪ್ಪ ಕೋವಿಯಿಳಿಸಲಿಲ್ಲ. “ಎರಡೂ ಇದ್ದರೆ? ನೀರು ಕುಡಿದರೆ ನಂಬುವ. ಕೊಡುದು ಯಾರು?”

ಪೂವಮ್ಮ ಚೆಂಬು ತಂದಳು. ಕುಕ್ಕೆಯ ಸುಬ್ರಹ್ಮಣ್ಯನನ್ನು ಸ್ಮರಿಸುತ್ತ, ಹಗ್ಗದ ಅಳತೆಯೊಳಗೆ ಕಾಲಿಟ್ಟಳು. ನೀರನ್ನು ಬೊಗ್ಗ ಕುಡಿಯುವ ಗೆರಟೆಗೆ ಸುರಿದಳು. ಬೊಗ್ಗ ನೀರನ್ನು ನೋಡಿತು. ಗಂಟಲಲ್ಲೇನೋ ಗುರುಗುಟ್ಟಿತು. ಆಕೆಗೆ ತಂದೆಯ ಮುಖ ಕಂಡಿತು. ಆದರೂ ಗೆರಟೆಯನ್ನು ಇನ್ನಷ್ಟು ಮುಂದೆ ತಳ್ಳಿದಳು.

ನಾಯಿ ತಲೆ ಬಾಗಿಸಿ ಲೊಚಲೊಚನೆ ಕುಡಿಯಿತು. ಗೆರಟೆಯ ತಳವನ್ನೂ ನೆಕ್ಕಿತು. ಗುರುವಪ್ಪ ಕೋವಿಯನ್ನು ಗೋಡೆಗೊರಗಿಸಿದ.

ಬೊಗ್ಗ ಮಧ್ಯಾಹ್ನದವರೆಗೆ ನೀಲಿಯಾಗಿ ವಾಂತಿಮಾಡಿ ಬಳಿಕ ಸುಧಾರಿಸಿತು. ಪೂವಮ್ಮ ಹುಣ್ಣಿನ ಸುತ್ತಲಿನ ರೋಮ ಕತ್ತರಿಸಿ, ಕುದಿಸಿ ಆರಿಸಿದ ನೀರಿನಿಂದ ತೊಳೆದು, ಬಟ್ಟೆಯಿಂದ ಒತ್ತಿ ಒಣಗಿಸಿದಳು. ಮತ್ತೆ ನೆಕ್ಕದಂತೆ ತಡೆಯಬೇಕಿತ್ತು. ಜತ್ತಪ್ಪನ ತಲೆಯ ಮೇಲಿದ್ದ ಅಡಿಕೆ ಹಾಳೆಯ ಟೋಪಿ, ಆ ಮುಟ್ಟಾಳೆಯನ್ನೇ ಕೇಳಿ ಪಡೆದು, ತುದಿ ಕತ್ತರಿಸಿ, ನಾಯಿಯ ಕೊರಳಿಗೆ ತೊಡಿಸಿದಳು.

“ನನ್ನ ಮುಟ್ಟಾಳೆ ನಾಯಿಗಾ?” ಎಂದ ಜತ್ತಪ್ಪ. “ನಾಳೆ ಅಡಿಕೆ ಮರಕ್ಕೂ ಅದನ್ನೇ ಹತ್ತಿಸಿ ಪೂವಕ್ಕ!”

ಹನ್ನೊಂದು ದಿನದಲ್ಲಿ ಹುಣ್ಣು ಮಾಯಿತು. ಪೂವಮ್ಮನ ಭಯ ಮಾಯಲಿಲ್ಲ. ಬೆರಳಿನ ವಿಷಯವನ್ನು ಯಾರಿಗೂ ಹೇಳದೆ, ಪ್ರತಿದಿನ ಬೆಳಗ್ಗೆ ಚೆಂಬಿನ ನೀರನ್ನು ಮೊದಲು ಬೊಗ್ಗನ ಗೆರಟೆಗೆ ಸುರಿದು, ಅದು ಕುಡಿಯುವುದನ್ನು ಕಂಡ ಮೇಲೆ, ಕಣ್ಣು ಮುಚ್ಚಿ ತಾನು ಒಂದು ಗುಟುಕು ಕುಡಿಯುತ್ತಿದ್ದಳು. ಗಂಟಲು ತೆರೆದುಕೊಂಡಾಗಲೆಲ್ಲ ದೇವರಿಗೆ ಕೈಮುಗಿಯುತ್ತಿದ್ದಳು. ನಲವತ್ತು ದಿನ ಕಳೆದುವು. ನಲವತ್ತೊಂದನೆಯ ಬೆಳಗ್ಗೆಯೂ ಆಕೆ ಚೆಂಬು ಹಿಡಿದು ಬಂದಳು. ಬೊಗ್ಗ ಗೆರಟೆಯ ಮುಂದೆ ಕಾದು ಕುಳಿತಿತ್ತು.