ನಕ್ಷೆ ಸಾರ್ ಆಗಿದ್ದವಳು

ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಅವಳನ್ನು ಎಲ್ಲರೂ ‘ಗೆರೆ ಮೇಡಂ’ ಎನ್ನುತ್ತಿದ್ದರು. ಅವಳು ಎಳೆದ ಗೆರೆಯ ಮೇಲೆ ಇರುವೆ ಬಿಟ್ಟರೆ ಅದೂ ದಾರಿ ತಪ್ಪುವುದಿಲ್ಲ ಎಂದು ಹಿರಿಯ ಇಂಜಿನಿಯರು ನಗುತ್ತಿದ್ದರು. ಶಾಯಿ ಪೆನ್ನು ಹೋಗಿ ಕಂಪ್ಯೂಟರ್ ಬಂದಾಗಲೂ ಮೊದಲು ಕೈ ಕುದುರಿದ್ದು ಅವಳಿಗೇ. ಪಕ್ಕದ ಮೇಜಿನ ನಕ್ಷೆಗಾರ ಅವಳನ್ನು ಕೇಳಿ ಕೇಳಿಯೇ ಕಲಿತ, ಕಲಿಯುತ್ತಾ ಕಲಿಯುತ್ತಾ ಅವಳನ್ನೇ ಮದುವೆಯಾದ.

ಮದುವೆಯಾದ ಆರನೇ ವರ್ಷ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಇಬ್ಬರಲ್ಲಿ ಒಬ್ಬರು ಕೆಲಸ ಬಿಡಬೇಕಾಯಿತು. ಯಾರು ಎಂಬ ಮಾತೇ ಏಳಲಿಲ್ಲ.

ಅತ್ತೆಯ ಕೋಣೆಯಲ್ಲೇ, ಕಿಟಕಿಯ ಪಕ್ಕ, ಗಂಡ ಕಚೇರಿಯ ಒಂದು ಹಳೆಯ ಕಂಪ್ಯೂಟರ್ ತಂದಿಟ್ಟ. ಆ ನಕ್ಷೆಯ ಸಾಫ್ಟ್‌ವೇರ್ ಬಳಸುವವರೆಲ್ಲ ಸೇರುವ ವೇದಿಕೆಯೊಂದು ಇಂಟರ್ನೆಟ್ಟಿನಲ್ಲಿತ್ತು. ಕೆಲಸದಲ್ಲಿ ಎಲ್ಲಾದರೂ ಸಿಕ್ಕಿಹಾಕಿಕೊಂಡವರು ಅಲ್ಲಿ ಪ್ರಶ್ನೆ ಹಾಕುತ್ತಿದ್ದರು, ಗೊತ್ತಿದ್ದವರು ಉತ್ತರ ಕೊಡುತ್ತಿದ್ದರು. ಗಂಡನ ಹೆಸರಿನಲ್ಲಿ ಅಲ್ಲೊಂದು ಖಾತೆಯಿತ್ತು: ‘ನಕ್ಷೆ ಸಾರ್’. ಅವನು ಅದನ್ನು ತೆರೆದು ಮರೆತೇಬಿಟ್ಟಿದ್ದ. ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಅವಳು ಅದರಿಂದಲೇ ಯಾರಿಗೋ ಉತ್ತರ ಬರೆದಳು. ಗೋಡೆಗಳ ನಡುವೆ ಬಣ್ಣ ತುಂಬುತ್ತಿಲ್ಲ ಎಂದು ಆ ಮನುಷ್ಯ ಎರಡು ದಿನದಿಂದ ಒದ್ದಾಡುತ್ತಿದ್ದ. ‘ಎಲ್ಲೋ ಒಂದು ಮೂಲೆಯಲ್ಲಿ ಗೆರೆಗಳು ಕೂಡಿಲ್ಲ. ಕೂದಲೆಳೆಯಷ್ಟು ಸಂದು ಇದ್ದರೂ ಸಾಕು. ಒಂದೊಂದೇ ಮೂಲೆಯನ್ನು ದೊಡ್ಡದು ಮಾಡಿ ನೋಡಿ’ ಎಂದು ಬರೆದಳು. ಹತ್ತು ನಿಮಿಷಕ್ಕೆ ‘ಸಿಕ್ಕಿತು ಸಾರ್, ನಿಮ್ಮ ಕೈಗೆ ನಮಸ್ಕಾರ’ ಎಂದು ಬಂತು.

ಆ ಕೈಯನ್ನು ಅವಳು ಒಂದು ಸಲ ತಿರುಗಿಸಿ ನೋಡಿಕೊಂಡಳು. ಕೆಲಸ ಬಿಟ್ಟ ಮೇಲೆ ಯಾರೂ ಅದರ ಸುದ್ದಿ ಎತ್ತಿರಲಿಲ್ಲ.

ಹೀಗೆ ಏಳು ವರ್ಷ. ಅತ್ತೆಗೆ ಔಷಧಿ ಕೊಟ್ಟು, ಮಗ್ಗುಲು ಬದಲಿಸಿ, ಬಟ್ಟೆ ಒಗೆದು ಹಾಕಿ ಬಂದು ಕೂರುವಳು. “ಇವತ್ತು ಎಷ್ಟು ಜನರ ಗೋಳು ಬಗೆಹರೀತಮ್ಮ?” ಎಂದು ಅತ್ತೆ ಮಲಗಿದಲ್ಲಿಂದಲೇ ಕೇಳುವರು. “ಒಂಬತ್ತು ಜನರದು ಅತ್ತೆ. ಒಬ್ಬನಂತೂ ಬಾಗಿಲೇ ಇಲ್ಲದ ಮನೆ ಬರೆದು, ಒಳಗೆ ಹೋಗೋದು ಹೇಗೆ ಅಂತ ನಮ್ಮನ್ನೇ ಕೇಳ್ತಾನೆ!” ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುವರು.

ಆ ಸಾಫ್ಟ್‌ವೇರ್ ಕಂಪನಿ ವರ್ಷಕ್ಕೊಮ್ಮೆ, ಸಂಬಳವಿಲ್ಲದೆ ಹೀಗೆ ನೆರವಾಗುವವರಲ್ಲಿ ಕೆಲವರನ್ನು ಆರಿಸಿ ‘ತಜ್ಞ ಮಿತ್ರ’ ಎಂಬ ಗೌರವ ಕೊಡುತ್ತಿತ್ತು. ಹೆಸರಿನ ಪಕ್ಕ ಒಂದು ನಕ್ಷತ್ರ, ಒಂದು ಗಾಜಿನ ಫಲಕ, ದೊಡ್ಡ ಸಭಾಂಗಣದಲ್ಲಿ ಸನ್ಮಾನ. ಆ ವರ್ಷ ಪತ್ರ ನಕ್ಷೆ ಸಾರ್‌ಗೆ ಬಂತು.

ಗಂಡ ಪತ್ರವನ್ನು ಎರಡು ಸಲ ಓದಿ ಮಡಚಿ ಜೇಬಿಗಿಟ್ಟುಕೊಂಡ.

“ಖಾತೆ ನನ್ನ ಹೆಸರಲ್ಲಿದೆ. ಒಬ್ಬರ ಖಾತೆ ಇನ್ನೊಬ್ಬರು ಬಳಸೋ ಹಾಗಿಲ್ಲ, ಗೊತ್ತಾದ್ರೆ ಮುಚ್ಚೇಬಿಡ್ತಾರೆ. ನಾನೇ ಹೋಗಿ ಬರ್ತೀನಿ.”

“ಹೋಗಿ ಬನ್ನಿ. ಖಾತೆ ವಿಷಯ ಹೇಳೋದು ಬೇಡ. ಕಲಿಸಿದ್ದು ನನ್ನ ಹೆಂಡತಿ ಅಂತ ಒಂದೇ ಒಂದು ಮಾತು ಹೇಳಿ, ಸಾಕು.”

“ಅಯ್ಯೋ, ಅದನ್ನ ನೀನು ಹೇಳಿಕೊಡಬೇಕಾ?”

ಸಮಾರಂಭ ಇಂಟರ್ನೆಟ್ಟಿನಲ್ಲಿ ನೇರವಾಗಿ ಬರುತ್ತಿತ್ತು. ಅವಳು ಅತ್ತೆಗೆ ದಿಂಬು ಒತ್ತು ಕೊಟ್ಟು ಕೂರಿಸಿ, ಕಂಪ್ಯೂಟರನ್ನು ಅವರತ್ತ ತಿರುಗಿಸಿದಳು. ಅವಳೇ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು ಗಂಡ ವೇದಿಕೆ ಹತ್ತಿದ. ಚಪ್ಪಾಳೆ ನಿಲ್ಲಲೇ ಇಲ್ಲ. ಅವನ ಕಣ್ಣಲ್ಲಿ ನೀರಾಡಿದ್ದು ಕಂಡು ಅವಳೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನನ್ನ ಹೆಂಡತಿಗೆ ಕೃತಜ್ಞತೆ ಹೇಳಲೇಬೇಕು,” ಎಂದ ಅವನು. ಅವಳು ಅತ್ತೆಯ ಕೈ ಹಿಡಿದುಕೊಂಡಳು. “ಏಳು ವರ್ಷ ನಾನು ಕಂಪ್ಯೂಟರ್ ಮುಂದೆ ಕೂತಾಗ ಅವಳು ಒಂದು ದಿನವೂ ತೊಂದರೆ ಕೊಡಲಿಲ್ಲ.”

ಮತ್ತೆ ಚಪ್ಪಾಳೆ.

“ಆರಿಸಮ್ಮ ಅದನ್ನ,” ಎಂದರು ಅತ್ತೆ.

ಮಗ ಫಲಕ ಹಿಡಿದು ಬಂದಾಗ ಅವರು ಅದನ್ನು ಮುಟ್ಟಲಿಲ್ಲ. “ಯಾಕೋ ಹಾಗಂದೆ?”

“ಅಷ್ಟು ಜನರ ಮುಂದೆ ಬಾಯಿಗೆ ಬಂದದ್ದು ಹೇಳಿದೆ ಅಮ್ಮ. ಇವಳಿಗೇನೂ ಬೇಜಾರಿಲ್ಲ, ಕೇಳು ಬೇಕಾದ್ರೆ.”

ಅವರು ಕೇಳಲಿಲ್ಲ. ಅವಳು ಅತ್ತೆಯ ಔಷಧಿ ತರಲು ಹೋದಳು. ಆ ತಿಂಗಳೇ ಕಚೇರಿಯಲ್ಲಿ ಅವನನ್ನು ಮುಖ್ಯ ನಕ್ಷೆಗಾರನನ್ನಾಗಿ ಮಾಡಿದರು.

ಅವಳು ತನ್ನ ಹೆಸರಿನಲ್ಲೇ ಹೊಸ ಖಾತೆ ತೆರೆದಳು. ಯಾರೋ ಅದೇ ಬಣ್ಣ ತುಂಬದ ಪ್ರಶ್ನೆ ಕೇಳಿದ್ದರು. ಅವಳು ಉತ್ತರ ಬರೆದಳು. ಸ್ವಲ್ಪ ಹೊತ್ತಿಗೆ ಬೇರೆ ಯಾರೋ ಅದರ ಕೆಳಗೆ ಬರೆದರು: ‘ಮೇಡಂ, ಇದಕ್ಕೆ ನಕ್ಷೆ ಸಾರ್ ಏಳು ವರ್ಷದ ಹಿಂದೆಯೇ ಇನ್ನೂ ಚೆನ್ನಾಗಿ ಉತ್ತರ ಕೊಟ್ಟಿದ್ದಾರೆ. ಮೊದಲು ಅದನ್ನು ಓದಿ ಕಲಿಯಿರಿ.’ ಅವಳಿಗೆ ಮೊದಲು ನಗು ಬಂತು. ಅತ್ತೆಗೆ ಓದಿ ಹೇಳಹೋದಾಗ ಅರ್ಧಕ್ಕೇ ದನಿ ಒಡೆಯಿತು.

ಗೌರವ ಒಂದೇ ವರ್ಷದ್ದು. ಆ ವರ್ಷ ಉತ್ತರ ಕೊಡದಿದ್ದರೆ ನಕ್ಷತ್ರ ಹೋಗುತ್ತದೆ. “ದಿನಕ್ಕೆ ಎರಡಾದ್ರೂ ಬರಿ,” ಎಂದು ಗಂಡ ಕೇಳಿದ. ಅವಳು ಆಗುವುದಿಲ್ಲವೆಂದು ತಲೆಯಾಡಿಸಿ ಒಗೆದ ಬಟ್ಟೆ ಮಡಚುತ್ತಾ ಕೂತಳು. ಆಮೇಲೆ ಅವನೇ ಬರೆಯಲು ಕೂತ. ಎಲ್ಲೋ ಒಬ್ಬ ಹುಡುಗಿಯ ನಕ್ಷೆ ತೆರೆದುಕೊಳ್ಳುತ್ತಿರಲಿಲ್ಲ. ಕಂಪ್ಯೂಟರ್ ತಾನಾಗಿ ಉಳಿಸಿಟ್ಟಿದ್ದ ಹಳೆಯ ಪ್ರತಿಗಳನ್ನೆಲ್ಲ ಅಳಿಸಿ ಹೊಸದಾಗಿ ತೆರೆಯಲು ಅವನು ಹೇಳಿದ. ಅವನ್ನು ಅಳಿಸಲೇಬಾರದಿತ್ತು. ಆ ಪ್ರತಿಗಳಲ್ಲೇ ಆ ಹುಡುಗಿಯ ಕೆಲಸ ಉಳಿದಿತ್ತು. ಇದು ಕಣ್ಣಿಗೆ ಬಿದ್ದದ್ದೇ ಅವಳು ಕೈಯಲ್ಲಿದ್ದ ಸೀರೆ ಅಲ್ಲೇ ಹಾಕಿ ತನ್ನ ಖಾತೆಯಿಂದ ‘ಅಳಿಸಬೇಡಿ, ದಯವಿಟ್ಟು ಅಳಿಸಬೇಡಿ’ ಎಂದು ಬರೆದಳು.

‘ಸಾರ್ ಹೇಳಿದ ಮೇಲೆ ಇವರ್ಯಾರು?’ ಎಂದ ಒಬ್ಬ. ‘ಹೊಟ್ಟೆಕಿಚ್ಚು,’ ಎಂದ ಇನ್ನೊಬ್ಬ. ಹುಡುಗಿ ಸಾರ್ ಮಾತೇ ಕೇಳಿದಳು. ಮೂರು ವಾರದ ಕೆಲಸ ನೀರುಪಾಲಾಯಿತು.

ಭಾನುವಾರದ ಬೆಳಿಗ್ಗೆ. ಗಂಡ ಪಕ್ಕದಲ್ಲೇ ಕೂತು ಎಲ್ಲ ಓದುತ್ತಿದ್ದ.

“ಆ ಮೇಡಂ ಹೇಳಿದ್ದೇ ಸರಿ ಅಂತ ಒಂದು ಸಾಲು ಬರೀರಿ,” ಎಂದಳು ಅವಳು. “ನನಗೋಸ್ಕರ ಅಲ್ಲ. ನಾಳೆ ಇನ್ನೊಬ್ಬರು ಇದನ್ನೇ ನಂಬ್ತಾರೆ.”

ಅವನು ಕೀಲಿಗಳ ಮೇಲೆ ಬೆರಳಿಟ್ಟ. ಅವಳು ಪರದೆಯನ್ನೇ ನೋಡುತ್ತಿದ್ದಳು. ಅವನು ಬೆರಳು ತೆಗೆದು, ಪರದೆ ಆರಿಸಿ ಹೊರಗೆ ಹೋದ.

ಆ ವರ್ಷ ಮುಗಿಯುವ ಮೊದಲೇ ಅತ್ತೆ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರಿಗೆ ಯಾರ ಗುರುತೂ ಸಿಗುತ್ತಿರಲಿಲ್ಲ. ಆದರೂ ಸೊಸೆ ಬಂದು ಕೂತರೆ, “ಎಷ್ಟು ಜನರದು ಬಗೆಹರೀತು?” ಎನ್ನುತ್ತಿದ್ದರು. ಬರೆಯುವುದನ್ನೇ ಬಿಟ್ಟಿದ್ದ ಅವಳು “ಹತ್ತು ಜನರದು ಅತ್ತೆ,” ಎಂದು ಸುಳ್ಳು ಹೇಳುತ್ತಿದ್ದಳು. ಕೆಲಸ ಕೇಳಿ ಅವಳು ಬರೆದಿದ್ದ ಇನ್ನೊಂದು ನಕ್ಷೆ ಕಚೇರಿ ಅವಳನ್ನು ಬರಹೇಳಿದ್ದು ಅವರ ಹಾಸಿಗೆ ಸುತ್ತಿಟ್ಟ ವಾರದಲ್ಲೇ.

ಗಂಡನ ನಕ್ಷತ್ರ ಹೋಯಿತು. ಕಂಪನಿಯಿಂದ ನಾಲ್ಕು ಸಾಲಿನ ಧನ್ಯವಾದ ಬಂತು. ವೇದಿಕೆಯಲ್ಲಿ ಮಾತ್ರ ಜನ ಕೇಳುವುದು ನಿಲ್ಲಲಿಲ್ಲ: ‘ನಕ್ಷೆ ಸಾರ್ ಎಲ್ಲಿ? ಹುಷಾರಿಲ್ಲವೇ? ಅವರಿಂದಲೇ ನಾನು ಈ ಕೆಲಸ ಕಲಿತದ್ದು.’

ಒಂದು ಸಂಜೆ ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಅವನು ಕರೆದ. ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆಯಿತ್ತು.

“ಇಲ್ಲಿ ನೋಡೇ, ಜನ ನನ್ನನ್ನ ಇನ್ನೂ ಎಷ್ಟು ನೆನಸ್ಕೋತಾರೆ!”

ತಮಾಷೆಯೇನೋ ಎಂದು ಅವಳು ಅವನ ಮುಖ ನೋಡಿದಳು. ತಮಾಷೆಯಲ್ಲ. ಅವನು ನಿಜಕ್ಕೂ ನಂಬಿಬಿಟ್ಟಿದ್ದ.

“ಹೌದು ರೀ,” ಎಂದಳು.

ಅತ್ತೆಯ ಕೋಣೆಗೆ ಹೋಗಿ ಬರಿಯ ಮಂಚದ ಮೇಲೆ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು.