ಐವಿ ಇಲ್ಲದ ಅಡುಗೆಮನೆ

ಐವಿಯನ್ನು ನನ್ನ ಕಾದಂಬರಿಯಿಂದ ಕಿತ್ತುಹಾಕಿದವಳು ನಾನೇ. ಪ್ರಕಾಶಕರಲ್ಲ. ಪ್ರಕಾಶಕರು ಎಂದು ಇಂದ್ರಾ ಆಂಟಿಯ ಮುಖ ನೋಡಿಕೊಂಡೇ ಹೇಳಿದೆ — ಅದು ಎರಡನೇ ತಪ್ಪು, ಮೊದಲನೆಯದಕ್ಕಿಂತ ಹೇಸಿಗೆಯದು.

ಡರ್ಹಮ್‌ನಲ್ಲಿ ನಮ್ಮ ಪಕ್ಕದ ಮನೆಯವರಾದ ಇಂದ್ರಾ ಆಂಟಿ ದಕ್ಷಿಣ ಅಮೆರಿಕದ ಗಯಾನಾದಲ್ಲಿ ಹುಟ್ಟಿದವರು. ಅವರ ಮುತ್ತಜ್ಜಿಯನ್ನು ಕಬ್ಬಿನ ತೋಟದ ಕೂಲಿಗೆಂದು ಭಾರತದಿಂದ ಹಡಗಿನಲ್ಲಿ ಅಲ್ಲಿಗೆ ಸಾಗಿಸಿದ್ದರು. ಲಾಕ್‌ಡೌನಿನ ದಿನಗಳಲ್ಲಿ ಹಿತ್ತಲ ಬೇಲಿಯ ಆಚೆ ಈಚೆ ಕುರ್ಚಿ ಹಾಕಿಕೊಂಡು ಅವರು ಆ ಕಥೆ ಹೇಳಿದರು, ನಾನು ಕೇಳಿದೆ. ಹೊಸ ಊರಿನಲ್ಲಿ ಏನು ಬೇಯಿಸಬೇಕೆಂದು ತಿಳಿಯದೆ ಕೂತಿದ್ದ ಮುತ್ತಜ್ಜಿಗೆ ಪಕ್ಕದ ಬಿಡಾರದ ಐವಿ, ಆಫ್ರಿಕಾ ಮೂಲದ ಹೆಂಗಸು, ತನ್ನ ಒಲೆಯ ಮುಂದೆ ಜಾಗ ಕೊಟ್ಟಳಂತೆ. ಮರಗೆಣಸು, ಬಾಳೆಕಾಯಿ, ಉಪ್ಪುಮೀನನ್ನು ತೆಂಗಿನಹಾಲಿನಲ್ಲಿ ಬೇಯಿಸುವ ಮೆಟೆಮ್‌ಗೀ ಕಲಿಸಿದಳಂತೆ. ಮುತ್ತಜ್ಜಿ ಅವಳಿಗೆ ಬೇಳೆ ತುಂಬಿದ ರೊಟ್ಟಿ ಕಲಿಸಿದಳಂತೆ. ಐವಿ ಇಲ್ಲದಿದ್ದರೆ ನಾವೇ ಇಲ್ಲ ಎನ್ನುತ್ತಿದ್ದರು ಆಂಟಿ.

ಆ ಕಥೆಯನ್ನೇ ಕಾದಂಬರಿ ಮಾಡುವಾಗ ನಾನೇನು ಮಾಡಿದೆ? ಐವಿಯನ್ನು ಅಳಿಸಿದೆ. ಮೀನನ್ನೂ. ನನ್ನ ನಾಯಕಿ ಒಬ್ಬಳೇ, ಮಡಿಯಲ್ಲಿ, ಇಂಗಿನ ಒಗ್ಗರಣೆ ಹಾಕಿದಳು! ಕಬ್ಬಿನ ತೋಟದ ಕೂಲಿಯವಳಿಗೆ ಇಂಗು ತಂದುಕೊಟ್ಟವರು ಯಾರು? ಮುಖಪುಟದ ಮೇಲೆ ‘ಚಾರಿತ್ರಿಕ ಕಾದಂಬರಿ’ ಎಂದು ಬೇರೆ ಅಚ್ಚಾಗಿದೆ — ನಾಚಿಕೆಯಾಗಬೇಕು. ಕರಾವಳಿಯಲ್ಲಿ ಒಣಮೀನಿನ ಚಟ್ನಿ ತಿಂದು ಬೆಳೆದವಳು, ಆಂಟಿಯ ಮನೆಯಲ್ಲಿ ಬೆರಳು ನೆಕ್ಕಿದವಳು, ನಮ್ಮ ಓದುಗರು ಮೂಗು ಮುರಿದಾರು ಎಂದು... ಯಾರೂ ಹೇಳುವ ಮೊದಲೇ ಅಳಿಸಿದೆ.

ಪುಸ್ತಕ ಬಿಡುಗಡೆಯ ದಿನ ಕನ್ನಡದವರು ತುಂಬಿದ್ದ ಹಾಲ್‌ನಲ್ಲಿ ಆ ಅಧ್ಯಾಯವನ್ನೇ ಓದಿದೆ. ಮುಂದಿನ ಸಾಲಿನಲ್ಲಿ ಆಂಟಿ. ಪಕ್ಕದಲ್ಲಿ ಕೂತ ನನ್ನ ಮಗಳು ನಿಧಿ ಅವರ ಕಿವಿಯಲ್ಲಿ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು.

“ಎಷ್ಟ್ ಕಷ್ಟ ಬಂದ್ರೂ ನಮ್ ಕಲ್ಚರ್ ಬಿಡ್ಲಿಲ್ಲ ನೋಡಿ. ಸೂಪರಾಗಿ ಕ್ಯಾಪ್ಚರ್ ಮಾಡಿದೀರಾ ಮೇಡಂ!” ಎಂದರು ಒಬ್ಬ ಅಂಕಲ್. ಚಪ್ಪಾಳೆಯೋ ಚಪ್ಪಾಳೆ. ನನಗೆ ಮೈಯೆಲ್ಲ ಉರಿಯಿತು. ಆದರೆ ಅವರಿಗೆ ಬೇಕಾದದ್ದನ್ನೇ ಬಡಿಸಿದವಳು ನಾನಲ್ಲವೇ?

ಆಂಟಿ ಕೇಳಿದ್ದು ಒಂದೇ ಮಾತು. “ವೇರ್ ಈಸ್ ಐವಿ?”

“ದ ಪಬ್ಲಿಷರ್ ಕಟ್ ಹರ್, ಆಂಟಿ.”

ಅವರು ನಂಬಿದರು. ನನ್ನ ಕೈ ಹಿಡಿದು ಸಮಾಧಾನ ಹೇಳಿದರು — ನನಗೆ!

ಮೊನ್ನೆ ಎರಡನೇ ಮುದ್ರಣಕ್ಕೆ ಐವಿಯನ್ನು ಮರಳಿ ಬರೆದು ಕಳಿಸಿದೆ. ಪ್ರಕಾಶಕರು ಮರುಮಾತಾಡದೆ ಒಪ್ಪಿದರು. ಮೊದಲೇ ಬರೆದಿದ್ದರೂ ಒಪ್ಪುತ್ತಿದ್ದರು. ಇಲ್ಲಿ ಬರೆದ ಈ ತಪ್ಪೊಪ್ಪಿಗೆಯನ್ನೆಲ್ಲ ಆಂಟಿಗೆ ನೀನೇ ಓದಿ ಹೇಳು ಎಂದು ನಿಧಿಯನ್ನು ಕೇಳಿದೆ.

“ನೋ, ಅಮ್ಮ. ನಾನು ಹೇಳಲ್ಲ. ಯು ಟೆಲ್ ಹರ್.”

ಆಂಟಿ ಕಳೆದ ವಾರ ಮೆಟೆಮ್‌ಗೀ ತುಂಬಿ ಕಳಿಸಿದ ಪಾತ್ರೆ ತೊಳೆದು ಇಟ್ಟಿದ್ದೇನೆ. ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಎಂದು ಪ್ರತಿ ಸಲವೂ ಏನಾದರೂ ಹಾಕಿ ಕೊಡುತ್ತಿದ್ದೆ — ಪಾಯಸ, ಹೋಳಿಗೆ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಇವತ್ತು ಖಾಲಿ ಪಾತ್ರೆಯನ್ನೇ ಒಯ್ಯುತ್ತಿದ್ದೇನೆ. ಅವರು ಬೈದರೆ ನಿಂತು ಕೇಳಿಸಿಕೊಳ್ಳಬೇಕು. ಸಿಹಿ ಕೊಟ್ಟು ಅವರ ಬಾಯಿ ಕಟ್ಟಬಾರದು.