ನಾಳೆ ಆರನೇ ಕ್ಲಾಸಿನ ಗೊಂಬೆಯಾಟ ನಡೆದೇ ನಡೆಯುತ್ತದೆ, ಯಶೋದಕ್ಕ

ಇಲ್ಲ... ನನಗೆ ಇನ್ನೂ ನಂಬಲು ಆಗುತ್ತಿಲ್ಲ.

ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ, ಲೇಡೀಸ್ ಡಬ್ಬಿ ಬಂದು ನಿಲ್ಲುವ ಜಾಗದಲ್ಲಿ ಕಾಯುತ್ತಾ, ಯಶೋದಕ್ಕನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ...
ಅವರಿಗಾಗಿ ಬಂದ ಲೋಕಲ್‌ಗಳನ್ನೆಲ್ಲ ಬಿಟ್ಟಿದ್ದೆ.
ಫೋನ್ ಮಾಡಿದರೆ ಎತ್ತುತ್ತಿಲ್ಲ.
ಕೊನೆಗೆ ಎತ್ತಿದವರು ಅವರ ಯಜಮಾನರು.

"ಯಶೋದಾ ಹೋದ್ಲು ಟೀಚರ್... ಎದೆನೋವು ಅಂದ್ಲು. ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಇರ್ಲಿಲ್ಲ."

ಮಧ್ಯಾಹ್ನ ಎಲ್ಲ ಮುಗಿಯಿತು.
ಮನೆಗೆ ಬಂದು, ಸ್ನಾನ ಮಾಡಿ, ಇದನ್ನು ಬರೆಯಲು ಕೂತಿದ್ದೇನೆ...

ಅವರು ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಯಶೋದಕ್ಕ ಉಡುಪಿ ಕಡೆಯವರು. ಗೊಂಬೆಯಾಟದ ಕಲಾವಿದೆ.
ತುರ್ಭೆಯ ನಮ್ಮ ಕನ್ನಡ ಶಾಲೆಗೆ ವಾರಕ್ಕೆ ಎರಡು ಪೀರಿಯಡ್ ಬರುತ್ತಿದ್ದರು. ನಾನು ಅಲ್ಲಿ ಗಣಿತದ ಟೀಚರ್.
ಅವರು ಬರುತ್ತಿದ್ದದ್ದು ಶಾಲೆಯ ವಾರ್ಷಿಕ ಗ್ಯಾದರಿಂಗ್‌ಗೆ ಡಾನ್ಸ್ ಕಲಿಸಲು ಅಲ್ಲ...
ಪಾಠವನ್ನೇ ಗೊಂಬೆ ಹಿಡಿದು ಕಲಿಸಲು.

ಕಲೆಯ ಪೀರಿಯಡ್ ಅಂದರೆ ನಮ್ಮ ಶಾಲೆಗಳಲ್ಲಿ ಏನು ಎಂದು ನಿಮಗೆಲ್ಲ ಗೊತ್ತು. ಕ್ಲಾಸ್ ಟೀಚರ್‌ಗೆ ಅದು ಫ್ರೀ ಪೀರಿಯಡ್. ಚಹಾ, ಪೇಪರ್ ತಿದ್ದುವುದು...
ಮೊದಲ ದಿನ ನಾನೂ ಪೇಪರ್ ಕಟ್ಟು ಎತ್ತಿಕೊಂಡು ಹೊರಟೆ. ಯಶೋದಕ್ಕ ಬಾಗಿಲಿಗೆ ಅಡ್ಡ ನಿಂತರು.

"ಎಲ್ಲಿಗೆ ಹೋಗ್ತೀರಿ ಟೀಚರ್? ಕೂತ್ಕೊಳ್ಳಿ. ನಿಮಗೂ ಒಂದು ಗೊಂಬೆ ಉಂಟು."

"ನನಗ್ಯಾಕ್ರಿ ಗೊಂಬಿ? ಕೆಲಸ ಐತಿ ನನಗ."

"ನೀವು ಹೋದ್ರೆ ನಾನೂ ಹೋಗ್ತೇನೆ. ನನಗೆ ಗಣಿತ ಬರುದಿಲ್ಲ, ನಿಮಗೆ ಗೊಂಬೆ ಬರುದಿಲ್ಲ. ಇಬ್ರೂ ಇದ್ರೆ ಮಾತ್ರ ಪಾಠ ಆಗ್ತದೆ ಮಾರಾಯ್ರೆ."

ಸಿಟ್ಟಿನಿಂದಲೇ ಕೂತೆ. ಇಂಥ ಹಟದ ಹೆಂಗಸನ್ನು ನಾನು ನೋಡಿರಲಿಲ್ಲ.

ನಮ್ಮ ಮಕ್ಕಳ ಅಪ್ಪಂದಿರು ಹೆಚ್ಚಿನವರು ಕಲಬುರಗಿ, ವಿಜಯಪುರ ಕಡೆಯವರು. ವಾಶಿಯ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಾರೆ. ಅವರು ತಂದುಕೊಟ್ಟ ದ್ರಾಕ್ಷಿಯ ಹರಕು ರಟ್ಟಿನ ಖೋಕಾಗಳಿಂದಲೇ ಗೊಂಬೆಗಳು ತಯಾರಾದವು.
ಪಾಠ, ಭಿನ್ನರಾಶಿ.
ಆಟದಲ್ಲಿ ಒಬ್ಬ ತಿಂಡಿಪೋತ. ಮುಂದೆ ಒಂದು ಜೋಳದ ರೊಟ್ಟಿ. ನಾಲ್ಕರಲ್ಲಿ ಒಂದು ಪಾಲು ಕೊಟ್ಟರೆ ಅವನಿಗೆ ಬೇಡ...
"ಮೇರೇಕೊ ಆಠ್ ಮೇ ಸೆ ಏಕ್ ಮಂಗ್ತಾ. ಆಠ್ ಬಡಾ ಹೈ."
ನಾಲ್ಕಕ್ಕಿಂತ ಎಂಟು ದೊಡ್ಡದಲ್ಲವೇ ಎಂದು ಅವನ ಲೆಕ್ಕ. ಎಂಟರಲ್ಲಿ ಒಂದು ಕೊಟ್ಟರು. ತುಂಡು ನೋಡಿ ಗೊಂಬೆ ಗೋಳೋ ಎಂದು ಅತ್ತಿತು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು.

ಆಗ ರೇಣುಕಾ ಎದ್ದು ನಿಂತಳು. ಕನ್ನಡದಲ್ಲಿ ಕೇಳಿದರೂ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ.
"ಟೀಚರ್, ಎಂಟು ಮಂದಿ ಹಂಚ್ಕೊಂಡ್ರ ತುಂಡು ಸಣ್ಣದಾಗ್ತೈತಿ. ನಾಕು ಮಂದಿ ಇದ್ರ ದೊಡ್ಡದು."
ಕಪ್ಪುಹಲಗೆಯ ಮೇಲೆ ಎಷ್ಟು ವರ್ಷ ಗೀಚಿದರೂ ನನ್ನಿಂದ ಆಗದಿದ್ದ ಪಾಠ ಅದು. ಅಂದಿನಿಂದ ನಾನು ಯಶೋದಕ್ಕನ ಪಾರ್ಟಿ.

ಅಕ್ಕಾ...
ಈಗ ನಿಮ್ಮ ಜೊತೆಗೇ ಮಾತಾಡುತ್ತೇನೆ.

ನಾಳೆ ಶನಿವಾರ ತಂದೆ-ತಾಯಿಯರ ಮುಂದೆ ಆಟ. ಶಾಲೆಯ ಕಮಿಟಿಯವರೂ ಬರುತ್ತಾರೆ. ಅದನ್ನು ನೋಡಿ, ನಿಮ್ಮ ಎರಡು ಪೀರಿಯಡ್ ಉಳಿಸುವುದೋ, ಸ್ಕಾಲರ್‌ಶಿಪ್ ಕೋಚಿಂಗ್‌ಗೆ ಕೊಡುವುದೋ ಎಂದು ಸೋಮವಾರ ತೀರ್ಮಾನ ಮಾಡುತ್ತಾರೆ.
ಇಂಥ ಹೊತ್ತಿನಲ್ಲಿ ನೀವು ಎರಡು ವಾರದಿಂದ ತಾಲೀಮಿನಲ್ಲಿ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತುಬಿಟ್ಟಿರಿ...
ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಬದಲಿಸುವಾಗ ನಾನು ಜಗಳವೇ ಆಡಿದೆ. ಮಕ್ಕಳು ತಪ್ಪುತ್ತಿದ್ದಾರೆ, ಒಂದು ಮಾತಾದರೂ ಹೇಳಬಾರದೇ ಎಂದೆ.
"ನಾನು ಬಾಯಿ ಹಾಕಿದ್ರೆ ಅವು ನನ್ನ ಮುಖ ನೋಡ್ತಾವೆ ಟೀಚರ್. ತಪ್ಪಲಿ. ಅವೇ ಸರಿ ಮಾಡ್ಲಿ," ಎಂದಿರಿ.
ಅವರವರೇ ಬಡಿದಾಡಿದರು, ಅವರವರೇ ಸರಿ ಮಾಡಿದರು. ನಾನು ಗೊಣಗುತ್ತಲೇ ಇದ್ದೆ.

ಮಧ್ಯಾಹ್ನ ಸ್ಮಶಾನದ ಗೇಟಿನ ಹೊರಗೆ ಹೆಡ್‌ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದರು. ಕೆಟ್ಟವರಲ್ಲ ಅವರು. ಕಣ್ಣು ಕೆಂಪಾಗಿದ್ದವು.

"ನಾಳೆ ಸಾಲಿಗೆ ರಜಾ ಕೊಡೂಣ್ರಿ ಟೀಚರ್. ಮನಷ್ಯಾಳು ಹೋಗಿ ಒಂದಿನ ಆಗಿಲ್ಲ, ಡೋಲಕ್ ಬಡದ್ರ ಮಂದಿ ಏನಂದಾರು? ಆಟ ಮುಂದ ನೋಡೂಣು."

ಮುಂದೆ ಅಂದರೆ ಪರೀಕ್ಷೆ. ಮುಂದೆ ಅಂದರೆ ಸೋಮವಾರ ಕಳೆದ ಮೇಲೆ...
"ಅಪ್ಪಂದಿರು ಅರ್ಧ ದಿನದ ಹಮಾಲಿ ಬಿಟ್ಟು ಬರತೀವಿ ಅಂದಾರ್ರಿ ಸರ್. ಸಾಲಿ ಮೆಟ್ಲಾ ಹತ್ತಲಾರದ ಮಂದಿ ಅವ್ರು. ನಾಳೆ ಬಿಟ್ರ ಮತ್ತ ಬರಂಗಿಲ್ಲ."

"ಆಡಸೋರು ಯಾರ್ರೀ? ನಿಮಗ ಬರ್ತೈತೇನು?"

ಅಕ್ಕಾ, ನನಗೆಲ್ಲಿ ಬರುತ್ತದೆ?
ಆಮೇಲೆ ಹೊಳೆಯಿತು... ಈ ಎರಡು ವಾರ ಆಡಿಸಿದವರಾದರೂ ಯಾರು? ನೀವಲ್ಲ. ನಾನೂ ಅಲ್ಲ.

"ಮಕ್ಕಳಿಗೆ ಬರ್ತೈತ್ರಿ ಸರ್," ಎಂದೆ.

ಹೆಡ್‌ಮಾಸ್ತರರು ನಿಮ್ಮ ಯಜಮಾನರ ಹತ್ತಿರ ಹೋಗಿ ಕೈಹಿಡಿದು ಕೇಳಿದರು. ಯಜಮಾನರು ಆಗಲಿ ಎಂದು ತಲೆಯಾಡಿಸಿದರು.
ಮೊದಲು ಮೌನ ಪ್ರಾರ್ಥನೆ, ಆಮೇಲೆ ಆಟ... ಡೋಲಕ್ ಸಹಿತ.

ಸ್ನೇಹಿತರೇ, ಠಾಣೆ, ಕಲ್ಯಾಣ, ನವಿ ಮುಂಬಯಿಯಲ್ಲಿ ಹಾಡುವವರು, ಚಿತ್ರ ಬರೆಯುವವರು, ವೇಷ ಕಟ್ಟುವವರು ಎಷ್ಟೋ ಜನ ಈ ಪೋಸ್ಟ್ ಓದುತ್ತೀರಿ. ಕೆಳಗೆ ಬರೀ ಕೈಮುಗಿಯುವ ಚಿಹ್ನೆ ಹಾಕಿ ಹೋಗಬೇಡಿ. ವಾರಕ್ಕೊಂದು ಪೀರಿಯಡ್ ಕೊಡಲು ಆಗುವವರು ನನಗೆ ಮೆಸೇಜ್ ಮಾಡಿ. ಸೋಮವಾರ ಕಮಿಟಿಯ ಮುಂದೆ ನಾನು ನಿಲ್ಲುತ್ತೇನೆ. ಆ ಪೀರಿಯಡ್‌ಗಳನ್ನು ಉಳಿಸಿಕೊಂಡೇ ಹೊರಗೆ ಬರುತ್ತೇನೆ.

ಯಶೋದಕ್ಕಾ... ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿಲ್ಲ ನಾನು.
ನಾಳೆ ಆಟ ಮುಗಿಯಲಿ. ಆಮೇಲೆ ಅಳುತ್ತೇನೆ.

ನೀವು ನೆಮ್ಮದಿಯಿಂದ ಹೋಗಿ ಅಕ್ಕಾ...
ನಿಮ್ಮ ಜೀವ ತಣ್ಣಗಿರಲಿ. 🙏